ನಕ್ಷೆಗೆ ಮೊದಲು ನಡಿಗೆ

ಪ್ರೀತಿಯ ಪದವೀಧರರೇ,

ನಿಮ್ಮಲ್ಲಿ ಹಲವರು ಇನ್ನು ಕೆಲವೇ ತಿಂಗಳಲ್ಲಿ ಹಳ್ಳಿಗಳ ರಸ್ತೆ ಕೆಲಸಕ್ಕೆ ಇಳಿಯುತ್ತೀರಿ. ಅದಕ್ಕೇ ನಾನು ಮಾಡಿದ ಒಂದು ತಪ್ಪನ್ನು ನಿಮ್ಮ ಮುಂದಿಡುತ್ತೇನೆ.

ಕೆಲಸಕ್ಕೆ ಸೇರಿದ ಹೊಸತು. ಎರೆಸೀಮೆಯ ಒಂದು ಊರಿಗೆ ಮೂರು ಕಿಲೋಮೀಟರ್ ರಸ್ತೆಯ ಅಂದಾಜುಪಟ್ಟಿ ಮಾಡಬೇಕಿತ್ತು. ಬೇಸಿಗೆಯಲ್ಲಿ ಲೆವೆಲ್ ತೆಗೆದೆವು. ನೆಲ ಅಂಗೈಯಗಲ ಬಿರುಕು ಬಿಟ್ಟಿತ್ತು, ನೀರು ಹರಿದ ಗುರುತೇ ಇರಲಿಲ್ಲ. ಹತ್ತಿಕಟ್ಟಿಗೆ ಹೊರೆ ಹೊತ್ತು ಹೊರಟಿದ್ದ ಒಬ್ಬ ಅಜ್ಜಿ ನಿಂತು, "ಯಪ್ಪಾ, ಇಲ್ಲಿ ಮೋರಿ ಯಾಕ ಹಾಕ್ತೀರಿ? ನೀರು ಅಲ್ಲಿ ಬನ್ನಿಗಿಡದ ಹತ್ರ ದಾಟತೈತಿ" ಅಂದಳು. ನಕ್ಷೆಯಲ್ಲಿ ತಗ್ಗು ಬೇರೆ ಕಡೆ ಇತ್ತು. ನಾನು ನಕ್ಷೆಯನ್ನು ನಂಬಿದೆ. ಎರಡನೆಯ ಮಳೆಗಾಲದಲ್ಲಿ ನೀರು ಬನ್ನಿಗಿಡದ ಹತ್ತಿರವೇ ದಾಟಿತು, ನಲವತ್ತು ಅಡಿ ರಸ್ತೆಯನ್ನು ಖಡಿ ಸಮೇತ ಹೊತ್ತುಕೊಂಡು ಹೋಯಿತು. ನಾವು ಹಾಕಿದ ಮೋರಿ ಒಣಗಿಯೇ ಇತ್ತು.

ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಅದರ ಮೇಲೆ ಎಷ್ಟೇ ಗರಸು ಹಾಸಿ ರೋಲರ್ ಓಡಿಸಿದರೂ ನೀರಿನ ದಾರಿ ತಪ್ಪಿದರೆ ಡಾಂಬರು ಉಳಿಯುವುದಿಲ್ಲ. ಇದು ನಿಮ್ಮ ಪುಸ್ತಕದಲ್ಲಿದೆ. ಆದರೆ ನೀರಿನ ದಾರಿ ಯಾವುದು ಎಂಬುದು ಆ ಊರಿನವರ ತಲೆಯಲ್ಲಿ ಮಾತ್ರ ಇರುತ್ತದೆ.

ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಶುರುವಾದದ್ದು 2000ದ ಡಿಸೆಂಬರ್ 25ರಂದು. ಬಯಲುಸೀಮೆಯಲ್ಲಿ 500, ಗುಡ್ಡಗಾಡಿನಲ್ಲಿ 250 ಜನರಿರುವ ವಸತಿಗಳಿಗೂ ಸರ್ವಋತು ರಸ್ತೆ ಮುಟ್ಟಬೇಕು ಎಂಬುದು ಗುರಿ. ಅದರ ಮಾರ್ಗಸೂಚಿಯಲ್ಲಿ ನನಗೆ ತುಂಬ ಹಿಡಿಸಿದ ಮಾತು ಒಂದಿದೆ. ವಿವರವಾದ ಯೋಜನಾ ವರದಿ ಅಂತಿಮವಾಗುವ ಮೊದಲು ಎಂಜಿನಿಯರು, ಕಂದಾಯದವರು, ಪಂಚಾಯಿತಿ ಸದಸ್ಯರು, ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಎಲ್ಲರೂ ಸೇರಿ ರಸ್ತೆಯ ಗುಂಟ ನಡೆಯಬೇಕು, ನಡೆದದ್ದನ್ನು ಬರೆದಿಡಬೇಕು, ಅದಕ್ಕೆ ಗ್ರಾಮಸಭೆಯ ಒಪ್ಪಿಗೆ ಪಡೆಯಬೇಕು. ಇಷ್ಟು ಸರಳವಾದದ್ದನ್ನೇ ನಾವು ಎಷ್ಟೋ ಸಲ ಜೀಪಿನಲ್ಲಿ ಕೂತು, ಒಂದು ಫೋಟೊ ಹೊಡೆದು ಮುಗಿಸಿಬಿಡುತ್ತೇವೆ. ಅದು ನಡಿಗೆಯಲ್ಲ.

ಜಮೀನಿನ ಮಾತಿಗೆ ಬರೋಣ. ಇದನ್ನು ಹೇಳುವಾಗ ನನಗೆ ಸಂಕಟವಾಗುತ್ತದೆ. ಈ ಯೋಜನೆಯ ಹಣದಲ್ಲಿ ಭೂಮಿ ಕೊಳ್ಳಲು ಬರುವುದಿಲ್ಲ. ಹಾಗಾಗಿ ಬಹಳ ಕಡೆ ರೈತರು ದಾನಪತ್ರ ಬರೆದುಕೊಡುತ್ತಾರೆ. ಬಂಡಿದಾರಿ ಒಂದೇ ಕಡೆಗೆ ನಾಲ್ಕು ಮೀಟರ್ ಅಗಲವಾಯಿತು ಅನ್ನಿ, ನೂರು ಮೀಟರ್ ಉದ್ದದ ಹೊಲದಂಚಿನಲ್ಲಿ ಸುಮಾರು ನಾಲ್ಕು ಗುಂಟೆ ಹೋಯಿತು. ಹತ್ತೆಕರೆಯವನಿಗೆ ಅದು ಬದುವಿನ ಲೆಕ್ಕ. ಒಂದೇ ಎಕರೆ ಇರುವ ವಿಧವೆಗೆ ಅದು ಹತ್ತರಲ್ಲೊಂದು ಪಾಲು ಅನ್ನ. ಊರ ಹಿರಿಯರು ಸುತ್ತ ನಿಂತಿರುವಾಗ ಆಕೆ ಒತ್ತಿದ ಹೆಬ್ಬೆಟ್ಟನ್ನು ಒಪ್ಪಿಗೆ ಎಂದು ಬರೆದುಕೊಳ್ಳಬೇಡಿ. ಆಕೆಯ ಮನೆಯ ಜಗಲಿಯ ಮೇಲೆ ಕೂತು ಕೇಳಿ. ಬೇಡ ಎಂದರೆ ರಸ್ತೆಯನ್ನು ಎದುರಿನ ದೊಡ್ಡ ಹೊಲದ ಕಡೆಗೆ ಎರಡು ಮೀಟರ್ ಸರಿಸಿ. ಸರಿಸಲು ಬರುತ್ತದೆ, ನಾನು ಸರಿಸಿದ್ದೇನೆ.

ರಸ್ತೆಯ ತುದಿಯಲ್ಲಿ ನಾಗರಿಕ ಮಾಹಿತಿ ಫಲಕ ಇರಬೇಕು. ಯಾವ ಪದರಕ್ಕೆ ಎಷ್ಟು ಖಡಿ, ಎಷ್ಟು ಡಾಂಬರು ಎಂದು ಜನರ ಭಾಷೆಯಲ್ಲಿ ಅದರಲ್ಲಿ ಬರೆದಿರಬೇಕು. ಕೆಲಸ ಮುಗಿದ ಮೇಲೆ ನೆಟ್ಟ ಫಲಕ ಯಾರಿಗೂ ಬೇಕಿಲ್ಲ. ಮೊದಲ ಟಿಪ್ಪರ್ ಬರುವ ಮುನ್ನವೇ ನೆಡಿಸಿ. ಏಳನೇ ತರಗತಿ ಓದಿದ ಹುಡುಗನ ಕೈಗೆ ಅಳತೆಪಟ್ಟಿ ಕೊಟ್ಟು ಪದರದ ದಪ್ಪ ಅಳೆಯುವುದನ್ನು ತೋರಿಸಿಕೊಡಿ. ಗುತ್ತಿಗೆದಾರರಿಗೆ ಇಲಾಖೆಯ ತಪಾಸಣೆ ಯಾವತ್ತು ಬರುತ್ತದೆಂದು ಗೊತ್ತಿರುತ್ತದೆ, ಆ ಹುಡುಗ ಮಾತ್ರ ದಿನಾ ಅಲ್ಲೇ ಇರುತ್ತಾನೆ.

ಐದು ವರ್ಷದ ನಿರ್ವಹಣೆ ಗುತ್ತಿಗೆದಾರರದ್ದು. ಆಮೇಲೂ ಚರಂಡಿಯ ಹೂಳು ತೆಗೆಯಬೇಕು, ಅಂಚಿನ ಜಾಲಿ ಕಡಿಯಬೇಕು. ಇದಕ್ಕೆ ಜನರನ್ನು ಶ್ರಮದಾನಕ್ಕೆ ಕರೆಯುವುದನ್ನು ನಾನು ಒಪ್ಪುವುದಿಲ್ಲ. ನಗರದ ರಸ್ತೆಗೆ ಯಾರೂ ಶ್ರಮದಾನ ಮಾಡುವುದಿಲ್ಲವಲ್ಲ! ಮಹಿಳಾ ಸ್ವಸಹಾಯ ಸಂಘಗಳಿಗೆ ಕೂಲಿ ಕೊಟ್ಟು ಈ ಕೆಲಸ ವಹಿಸಿರುವ ರಾಜ್ಯಗಳಿವೆ. ಅದೇ ಸರಿಯಾದ ದಾರಿ. ರಸ್ತೆ, ಮೋರಿ, ಸೇತುವೆಗಳು ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯಿತಿಗಳ 29 ವಿಷಯಗಳ ಪೈಕಿ ಒಂದು. ನೀವು ಹೋಗುತ್ತಿರುವುದು ಅವರ ಮನೆಯ ಕೆಲಸಕ್ಕೆ.

ಮಕ್ಕಳೇ, ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮ ಮೊದಲ ರಸ್ತೆಯ ನಡಿಗೆಯನ್ನು ಬಿತ್ತನೆಯ ದಿನ ಇಡಬೇಡಿ, ಸುಗ್ಗಿಯಲ್ಲಿ ಇಡಬೇಡಿ, ಸಂತೆಯ ದಿನವೂ ಬೇಡ. ಎಂಟು ದಿನ ಮೊದಲೇ ಎಲ್ಲ ಕೇರಿಗಳಲ್ಲೂ ಡಂಗುರ ಹೊಡೆಸಿ. ಅಂದು ಜೀಪನ್ನು ಊರ ಹೊರಗೇ ನಿಲ್ಲಿಸಿ, ಹೆಣ್ಣುಮಕ್ಕಳು ಬರುವ ತನಕ ಕಾಯಿರಿ.