ತಿಂಗಳಿಗೆ ಮೂರು ಚೌಕ



ಕಲಬುರಗಿ, ರಾಯಚೂರು, ಬೀದರಗಳಿಂದ ಹೊಟ್ಟೆಪಾಡಿಗಾಗಿ ಈ ಹೈದರಾಬಾದಿಗೆ ಬಂದ ನಮಗೆ ಕೌದಿ ಹೊಸದಲ್ಲ. 1956ರವರೆಗೆ ಆ ಮೂರು ಜಿಲ್ಲೆಗಳಿಗೂ ಇದೇ ರಾಜಧಾನಿಯಾಗಿತ್ತು.

ತಾಯಿಯವರು ತೀರಿಕೊಂಡ ಮೇಲೆ ಅವರ ಇಳಕಲ್ ಸೀರೆಗಳು ನಮ್ಮಲ್ಲಿ ಉಳಿದವು. ಒಂದೇ ತಿಂಗಳಲ್ಲಿ ಕೌದಿ ಮುಗಿಸುವೆವೆಂದು ಹಟ ಹಿಡಿದೆವು. ಆದರೆ ಊರಿನ ಪಡಸಾಲೆಯಲ್ಲಿ ಹಾಸಿ ಹೊಲಿಯುವಂತೆ ಬಾಡಿಗೆಯ ಒಂದೇ ಕೋಣೆಯಲ್ಲಿ ಜಾಗವೆಲ್ಲಿ? ಗಂಟು ಮೂಲೆಗೆ ಬಿದ್ದಿತು. ಎರಡು ಸೀರೆ ಇಲಿಯ ಪಾಲಾದವು.

ಆಗ ಲೆಕ್ಕ ಹಾಕಿದೆವು. ಆರಡಿ ಉದ್ದ, ನಾಲ್ಕಡಿ ಅಗಲದ ಕೌದಿಗೆ ಅಡಿಯಗಲದ ಚೌಕಗಳು 24. ತಿಂಗಳಿಗೆ 3ರಂತೆ ಚೈತ್ರದಿಂದ ಕಾರ್ತಿಕದವರೆಗೆ 8 ತಿಂಗಳು. ಸುತ್ತ ಅರ್ಧ ಅಂಗುಲ ಹೊಲಿಗೆಗೆ ಹೋಗುವುದರಿಂದ, ತುಂಡುಗಳನ್ನು ಕೂಡಿಸಿದಾಗ ಚೌಕ 13 ಅಂಗುಲವಿರಬೇಕು. ಇದನ್ನು ಮಡಿಲಲ್ಲಿಟ್ಟೇ ಹೊಲಿಯಬಹುದು. ಮಾರ್ಗಶಿರದಲ್ಲಿ ಚೌಕಗಳನ್ನು ಜೋಡಿಸಿ, ಅಡಿಗೆ ಹಳೆಯ ಧೋತರ ಹಾಕಿ, ಅಂಚಿನಿಂದ ನಡುವಿಗೆ ಸಾಲುಹೊಲಿಗೆ ಹಾಕಿದರೆ ಪುಷ್ಯದ ಚಳಿಗೆ ಕೌದಿ ಸಿದ್ಧ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರೂ ಅಂಚಿನಿಂದಲೇ ಒಳಕ್ಕೆ ಹೊಲಿಯುತ್ತಾರೆ; ಮೂಲೆಗಳಿಗೆ ಬಟ್ಟೆ ಮಡಿಚಿ ಹೂವಿಡುತ್ತಾರೆ.

ಒಂದು ತಿಂಗಳು ತಪ್ಪಿದರೆ ಎದೆಗುಂದಬೇಡಿ. ಮುಂದಿನ ತಿಂಗಳು ಆರು ಹೊಲಿಯಹೋಗಿ ದಣಿದು ಕೈಬಿಡುವುದಕ್ಕಿಂತ ಮೂರೇ ಹೊಲಿಯಿರಿ. ಕೌದಿಗಿಂತ ಚಳಿ ತುಸು ಮೊದಲು ಬಂದೀತು, ಅಷ್ಟೆ.

ಅಜ್ಜಿಯನ್ನು ಕಾಣದ ನಮ್ಮ ಮಕ್ಕಳು ಈಗ ಅವಳ ಸೀರೆಯನ್ನೇ ಹೊದ್ದು ಮಲಗುತ್ತಾರೆ. ನಿಮ್ಮ ಟ್ರಂಕುಗಳಲ್ಲಿಯೂ ಅಂಥ ಸೀರೆಗಳಿರಬಹುದು. ಇಲಿಗೆ ಮೊದಲು ನೀವು ತೆಗೆಯಿರಿ.