ಅಳಿವೆಯ ಹುಲ್ಲು, ಊರಿನ ಚರಂಡಿ



ಅಡಿಕೆ, ಕಾಳುಮೆಣಸು, ಸೊಪ್ಪಿನಬೆಟ್ಟಗಳ ವಿಷಯ ಹೇಳಬೇಕಾದ ನಾನು ಘಟ್ಟದ ಮೇಲಿನ ಈ ಸಭೆಯಲ್ಲಿ ಕಡಲ ಅಳಿವೆಯೊಂದರ ಕುರಿತು, ಅದೂ ಅಮೆರಿಕದ ಫ್ಲಾರಿಡಾ ರಾಜ್ಯದ ಅಳಿವೆಯ ಕುರಿತು ಮಾತನಾಡಹೊರಟಿರುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಅದಕ್ಕೆ ಕಾರಣವಿದೆ. ಶಿರಸಿ ಸೀಮೆಯಲ್ಲಿ ಹುಟ್ಟುವ ಅಘನಾಶಿನಿ ಅಣೆಕಟ್ಟಿನ ತಡೆಯಿಲ್ಲದೆ ಹರಿದು ಕುಮಟಾ ತಾಲ್ಲೂಕಿನಲ್ಲಿ ಕಡಲನ್ನು ಸೇರುತ್ತದೆ. ಅಲ್ಲಿನ ಬೆಳಚು, ಗಜನಿಯ ಕಗ್ಗ ಭತ್ತ, ಕಾಂಡ್ಲಾ ಕಾಡು ಇವೆಲ್ಲ ನಮ್ಮ ಬೆಟ್ಟಗಳಿಂದ ಇಳಿದುಹೋಗುವ ನೀರನ್ನು ನಂಬಿಕೊಂಡಿವೆ. 2024ರಲ್ಲಿ ಆ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿದಾಗ ನಾವೆಲ್ಲ ಸಂತೋಷಪಟ್ಟೆವು. ಆದರೆ ಮೇಲಿನ ಊರುಗಳ ಚರಂಡಿಗಳು ಒಂದು ಅಳಿವೆಗೆ ಏನು ಮಾಡಬಲ್ಲವು, ಕೆಟ್ಟದ್ದನ್ನು ಸರಿಪಡಿಸಲು ಎಷ್ಟು ಕಾಲ ಹಿಡಿಯುತ್ತದೆ ಎಂಬುದನ್ನು ಪಟ್ಟಿ ಹೇಳುವುದಿಲ್ಲ. ಅದನ್ನು ತಿಳಿಯಬೇಕಾದರೆ, ಕೆಡಿಸಿದ್ದನ್ನೂ ಸರಿಪಡಿಸಿದ್ದನ್ನೂ ಹತ್ತಾರು ವರ್ಷ ಲೆಕ್ಕ ಬರೆದಿಟ್ಟವರ ಊರನ್ನು ನೋಡಬೇಕು. ಟ್ಯಾಂಪಾ ಕೊಲ್ಲಿಯ ಜನ ಆ ಲೆಕ್ಕವನ್ನು ಬರೆದಿಟ್ಟಿದ್ದಾರೆ.

ಫ್ಲಾರಿಡಾದ ಪಶ್ಚಿಮ ತೀರದಲ್ಲಿರುವ ಈ ಕೊಲ್ಲಿಯ ವಿಸ್ತಾರ ಸುಮಾರು 1,000 ಚದರ ಕಿಲೋಮೀಟರು. ಸರಾಸರಿ ಆಳ ನಾಲ್ಕು ಮೀಟರಿನೊಳಗೆ. ಹಿಲ್ಸ್‌ಬರೋ, ಅಲಫಾಯ, ಮ್ಯಾನಟಿ ಮೊದಲಾದ ಹೊಳೆಗಳು ಇದಕ್ಕೆ ಸಿಹಿನೀರು ತರುತ್ತವೆ. ಸುತ್ತ ಟ್ಯಾಂಪಾ, ಸೇಂಟ್ ಪೀಟರ್ಸ್‌ಬರ್ಗ್, ಕ್ಲಿಯರ್‌ವಾಟರ್ ಪಟ್ಟಣಗಳು ಬೆಳೆದಿವೆ. ಜಲಾನಯನದಲ್ಲಿ ಇಂದು 30 ಲಕ್ಷಕ್ಕೂ ಹೆಚ್ಚು ಜನ ಇದ್ದಾರೆ. ಆಳವಿಲ್ಲದ ಇದರ ತಳದಲ್ಲಿ ಕಡಲಹುಲ್ಲು ಬೆಳೆಯುತ್ತದೆ. ಇದು ಪಾಚಿಯಲ್ಲ, ಬೇರು, ಎಲೆ, ಹೂವು ಉಳ್ಳ ನಿಜವಾದ ಸಸ್ಯ. ಸಿಗಡಿ, ಏಡಿ, ಮರಿಮೀನುಗಳಿಗೆ ಅದೇ ತೊಟ್ಟಿಲು. ಮ್ಯಾನಟಿ ಎಂಬ ಕಡಲಹಸುವಿಗೆ ಅದೇ ಮೇವು. 1950ರ ಸುಮಾರಿಗೆ ಇಲ್ಲಿ ಅಂದಾಜು 40,000 ಎಕರೆ ಹುಲ್ಲಿತ್ತು. 1982ರ ಹೊತ್ತಿಗೆ ಅದು 21,600 ಎಕರೆಗೆ ಇಳಿದಿತ್ತು.

ಹುಲ್ಲನ್ನು ಯಾರೂ ಕೀಳಲಿಲ್ಲ. ಹೂಳೆತ್ತುವ ಕೆಲಸದಲ್ಲಿ, ಕಡಲಂಚನ್ನು ಮಣ್ಣು ತುಂಬಿ ನಿವೇಶನ ಮಾಡುವಲ್ಲಿ ಒಂದಿಷ್ಟು ಹೋಯಿತೆಂಬುದು ನಿಜ. ಉಳಿದದ್ದು ಸತ್ತದ್ದು ಕತ್ತಲೆಯಿಂದ. ಅಲ್ಲಿನ ಮುಖ್ಯ ಕಡಲಹುಲ್ಲು ಬದುಕಬೇಕಾದರೆ ನೀರಿನ ಮೇಲ್ಮೈಗೆ ಬೀಳುವ ಬೆಳಕಿನಲ್ಲಿ ಶೇ. 20.5ರಷ್ಟಾದರೂ ತಳವನ್ನು ಮುಟ್ಟಬೇಕು. ನೀರಿಗೆ ಸಾರಜನಕ ಹೆಚ್ಚಾಗಿ ಸೇರಿದಾಗ ತೇಲುವ ಸೂಕ್ಷ್ಮ ಪಾಚಿ ಹಬ್ಬಿ ನೀರು ಹಸಿರುಗಟ್ಟುತ್ತದೆ; ಬೆಳಕು ಕೆಳಗಿಳಿಯದು. ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕವನ್ನೂ ಉಣ್ಣುತ್ತದೆ. ಗದ್ದೆಯಲ್ಲಿ ಭತ್ತಕ್ಕಿಂತ ಕಳೆ ಮೇಲೆದ್ದು ನೆರಳು ಮಾಡಿದರೆ ಪೈರಿಗೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಮೊದಲ ಆಪಾದಿತ ಎದುರಿಗೇ ಇದ್ದ. ಪಟ್ಟಣದ ಕೊಳೆನೀರು ಅರೆಬರೆ ಶುದ್ಧವಾಗಿ ಕೊಲ್ಲಿಗೆ ಬೀಳುತ್ತಿತ್ತು. ಜನ ದೂರಿದರು, ಕಾನೂನು ಬಂತು. ಸೇಂಟ್ ಪೀಟರ್ಸ್‌ಬರ್ಗ್ 1977ರಿಂದ ಶುದ್ಧೀಕರಿಸಿದ ನೀರನ್ನು ಹುಲ್ಲುಹಾಸು, ತೋಟಗಳಿಗೆ ತಿರುಗಿಸತೊಡಗಿತು. 1979ರಲ್ಲಿ ಟ್ಯಾಂಪಾದ ಘಟಕ ಸಾರಜನಕವನ್ನೂ ತೆಗೆಯುವ ಮಟ್ಟಕ್ಕೆ ಏರಿತು. ಇದು ಹಣದ ಕೆಲಸವಾಗಿದ್ದರೂ ಸುಲಭದ ಕೆಲಸ ಎಂಬುದು ನನ್ನ ಅಭಿಪ್ರಾಯ. ಕೊಳವೆಗೆ ಒಂದು ಬಾಯಿ, ಒಬ್ಬ ಯಜಮಾನ, ಒಂದು ಅಳತೆ ಇರುತ್ತದೆ.

ಕೊಳವೆ ಶುದ್ಧವಾದ ಮೇಲೆ ಉಳಿದದ್ದು ಮಳೆನೀರು. ಇಂದು ಆ ಕೊಲ್ಲಿಗೆ ಸೇರುವ ಸಾರಜನಕದಲ್ಲಿ ಅರ್ಧಕ್ಕಿಂತ ಹೆಚ್ಚಿನದು ಮಳೆನೀರಿನ ಹರಿವಿನಿಂದ ಬರುತ್ತದೆ. ಮಳೆ ಸ್ವತಃ ಏನೂ ತಪ್ಪು ಮಾಡಿಲ್ಲ. ಕಾಡಿನ ನೆಲದಲ್ಲಿ ಬಿದ್ದ ಹನಿ ದರಕಿನ ಮೇಲೆ ಕೂತು, ಮಣ್ಣಿಗೆ ಇಳಿದು, ವಾರಗಟ್ಟಲೆ ಕಳೆದು ಹಳ್ಳಕ್ಕೆ ಬರುತ್ತದೆ. ಅಷ್ಟರಲ್ಲಿ ಬೇರು, ಸೂಕ್ಷ್ಮಾಣುಗಳು ಅದರ ಸಾರವನ್ನು ಹೀರಿರುತ್ತವೆ. ಡಾಂಬರು, ಕಾಂಕ್ರೀಟು, ತಗಡಿನ ಮಾಡುಗಳ ಮೇಲೆ ಬಿದ್ದ ಹನಿ ನಿಮಿಷಗಳಲ್ಲಿ ಚರಂಡಿಗೆ, ಚರಂಡಿಯಿಂದ ಹೊಳೆಗೆ. ಹೋಗುವಾಗ ವಾಹನದ ಎಣ್ಣೆ, ಟಯರಿನ ಪುಡಿ, ನಾಯಿಯ ಹೇಲು, ಸಡಿಲ ಮಣ್ಣು, ಅಂಗಳಕ್ಕೆ ಎರಚಿದ ಗೊಬ್ಬರ ಎಲ್ಲವನ್ನೂ ಗುಡಿಸಿಕೊಂಡು ಹೋಗುತ್ತದೆ. ಮೊದಲ ಮಳೆಯ ಮೊದಲ ನೀರು ಎಲ್ಲಕ್ಕಿಂತ ಕೊಳಕು. ಜೊತೆಗೆ, ನಿಧಾನವಾಗಿ ಬರಬೇಕಾದ ಸಿಹಿನೀರು ಒಮ್ಮೆಲೇ ನುಗ್ಗಿ ಅಳಿವೆಯ ಉಪ್ಪಿನ ಹದವನ್ನೂ ಕೆಡಿಸುತ್ತದೆ.

ಇದಕ್ಕೆ ಫ್ಲಾರಿಡಾ ಕಂಡುಕೊಂಡ ಉತ್ತರ ಹೊಂಡ. 1982ರ ನಿಯಮದಂತೆ ಹೊಸದಾಗಿ ಬಡಾವಣೆ, ಅಂಗಡಿ, ರಸ್ತೆ ಮಾಡುವವರು ತಮ್ಮ ಜಾಗದ ಮಳೆನೀರನ್ನು ಹಿಡಿದು, ತಂಗಿಸಿ, ಆಮೇಲೆ ಬಿಡಬೇಕಾಯಿತು. ನೀರು ತಂಗಿದಾಗ ಮಣ್ಣು, ಅದಕ್ಕಂಟಿದ ರಂಜಕ, ಲೋಹಗಳು ತಳಕ್ಕಿಳಿಯುತ್ತವೆ. ಗಾಳಿಯಾಡದ ಕೆಸರಿನಲ್ಲಿ ಕೆಲವು ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಒಡೆದು ಸಾರಜನಕವನ್ನು ಮರಳಿ ಗಾಳಿಗೆ ಬಿಡುತ್ತವೆ. ಆದರೆ ಹೊಂಡ ಮಣ್ಣನ್ನು ಹಿಡಿದಷ್ಟು ಚೆನ್ನಾಗಿ ಸಾರಜನಕವನ್ನು ಹಿಡಿಯುವುದಿಲ್ಲ ಎಂಬುದು ವರ್ಷಗಳ ಅಳತೆಯಿಂದ ತಿಳಿಯಿತು. ನಿಯಮಕ್ಕೂ ಮುಂಚೆ ಬೆಳೆದ ಹಳೆಯ ಪೇಟೆಗಳಲ್ಲಂತೂ ಹೊಂಡಕ್ಕೆ ಜಾಗವೇ ಇಲ್ಲ. 2024ರಲ್ಲಿ ಆ ರಾಜ್ಯ ತನ್ನ ಮಳೆನೀರಿನ ನಿಯಮವನ್ನು ಮತ್ತೆ ಬಿಗಿಗೊಳಿಸಬೇಕಾಯಿತು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಲೆಕ್ಕದ ಕ್ರಮ. 1991ರಲ್ಲಿ ಟ್ಯಾಂಪಾ ಕೊಲ್ಲಿಗೆಂದೇ ಅಳಿವೆ ಕಾರ್ಯಕ್ರಮವೊಂದು ಆರಂಭವಾಯಿತು. 38,000 ಎಕರೆ ಹುಲ್ಲು ಮರಳಬೇಕು ಎಂದು ಗುರಿ ಇಟ್ಟರು. ಅಷ್ಟು ಹುಲ್ಲಿಗೆ ಎಷ್ಟು ಬೆಳಕು, ಅಷ್ಟು ಬೆಳಕಿಗೆ ಎಷ್ಟು ಪಾಚಿ ಸೈ, ಅಷ್ಟು ಪಾಚಿಗೆ ಎಷ್ಟು ಸಾರಜನಕ ಎಂದು ಹುಲ್ಲಿನಿಂದ ಹಿಮ್ಮುಖವಾಗಿ ಎಣಿಸುತ್ತ ದಡಕ್ಕೆ ಬಂದರು. ಜನಸಂಖ್ಯೆ ಏರುವುದರಿಂದ ವರ್ಷಕ್ಕೆ ಸುಮಾರು 17 ಟನ್ ಸಾರಜನಕ ಹೆಚ್ಚುತ್ತದೆ, ಅಷ್ಟನ್ನು ಬೇರೆಡೆ ತಗ್ಗಿಸಿದರೆ ಸಾಕು ಎಂದು ಕಂಡಿತು. 1996ರಲ್ಲಿ ಪಟ್ಟಣಗಳು, ಜಿಲ್ಲಾಡಳಿತಗಳು, ಗೊಬ್ಬರ ಮತ್ತು ವಿದ್ಯುತ್ ಕಂಪನಿಗಳು ಒಂದೇ ಮೇಜಿನ ಸುತ್ತ ಕೂತು ಆ ಹೊರೆಯನ್ನು ಹಂಚಿಕೊಂಡವು. ಪರಸ್ಪರ ದೂರುವವರೇ ಕೂಡಿದ ಮೇಜು ಅದು. ಸಂಖ್ಯೆ ನಡುವೆ ಇದ್ದುದರಿಂದ ಮಾತು ಮುಂದುವರಿಯಿತು.

ಗೊಬ್ಬರದ ವಿಷಯಕ್ಕೆ ನಾನು ಸ್ವಲ್ಪ ನಿಲ್ಲುತ್ತೇನೆ, ಅದು ನನ್ನ ವೃತ್ತಿ. ಯೂರಿಯಾ ಮಣ್ಣಿನಲ್ಲಿ ಮೊದಲು ಅಮೋನಿಯಂ, ಬಳಿಕ ನೈಟ್ರೇಟ್ ಆಗುತ್ತದೆ. ಜೇಡಿಮಣ್ಣಿನ ಕಣ ಋಣ ವಿದ್ಯುದಂಶದ್ದು, ನೈಟ್ರೇಟೂ ಅಂಥದೇ. ಹಾಗಾಗಿ ಮಣ್ಣು ಅದನ್ನು ಹಿಡಿದಿಡದು. ಬೇರಿಗೆ ಸಿಕ್ಕಷ್ಟು ಸಿಕ್ಕಿತು, ಉಳಿದದ್ದು ನೀರಿನ ಪಾಲು. ಟ್ಯಾಂಪಾದಲ್ಲೂ ವರ್ಷದ ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿಯುತ್ತದೆ, ನಮ್ಮ ಮಳೆಗಾಲದಂತೆಯೇ. ಆ ತಿಂಗಳುಗಳಲ್ಲೇ ಜನ ಅಂಗಳದ ಅಲಂಕಾರದ ಹುಲ್ಲಿಗೆ ಗೊಬ್ಬರ ಎರಚುತ್ತಿದ್ದರು. ದನ ಮೇಯದ, ತೆನೆ ಬಿಡದ ಹುಲ್ಲದು! 2010ರಲ್ಲಿ ಪಿನೆಲಸ್ ಜಿಲ್ಲೆ ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ ಹುಲ್ಲುಹಾಸಿಗೆ ಸಾರಜನಕ, ರಂಜಕ ಗೊಬ್ಬರ ಹಾಕುವುದನ್ನು ನಿಷೇಧಿಸಿತು. ಆ ಅವಧಿಯಲ್ಲಿ ಅಂಗಡಿಯಲ್ಲಿ ಮಾರುವುದಕ್ಕೂ ತಡೆ ಬಂತು. ಮಳೆಗಾಲದ ನಡುವೆ ತೋಟಕ್ಕೆ ಯೂರಿಯಾ ಹಾಕುವ ನಮ್ಮವರೂ ಇದ್ದಾರೆ. ಹಾಕಿದ್ದರಲ್ಲಿ ಮರಕ್ಕೆಷ್ಟು, ಹಳ್ಳಕ್ಕೆಷ್ಟು ಎಂದು ಅವರನ್ನು ಕೇಳುವುದು ನನ್ನ ಹಳೆಯ ಚಾಳಿ.

ಫಲ ನಿಧಾನವಾಗಿ ಬಂತು. 2014ರ ಎಣಿಕೆಯಲ್ಲಿ ಹುಲ್ಲು 40,295 ಎಕರೆ, 2016ರಲ್ಲಿ 41,655. ಇಲ್ಲಿ ಗಮನಿಸಬೇಕಾದದ್ದೊಂದಿದೆ. ಆಳುಗಳು ನೀರಿಗಿಳಿದು ನೆಟ್ಟ ಹುಲ್ಲು ಇದರಲ್ಲಿ ಅತ್ಯಲ್ಪ. ನೀರು ತಿಳಿಯಾಯಿತು, ಬೆಳಕು ತಳ ಮುಟ್ಟಿತು, ಹುಲ್ಲು ತಾನಾಗಿ ಹಬ್ಬಿತು. ದಡದಲ್ಲಿ ಬೇರೆ ಬಗೆಯ ಕೆಲಸವೂ ನಡೆಯಿತು. ರಾಕ್ ಪಾಂಡ್ಸ್ ಎಂಬಲ್ಲಿ ಗಣಿ ಮಾಡಿ ಬಿಟ್ಟ, ಪಾಳುಬಿದ್ದ ಸುಮಾರು 1,000 ಎಕರೆಯನ್ನು ಮತ್ತೆ ಜೌಗು, ಕಾಲುವೆ, ಕಾಡುಗಳಾಗಿ ರೂಪಿಸಿದರು. ಸಸಿ ನೆಡುವ ಸಮಾರಂಭಗಳಲ್ಲಿ ನಾನೂ ಭಾಗವಹಿಸುತ್ತೇನೆ. ಆದರೆ ನೀರು ಕೆಟ್ಟಿರುವಾಗ ನೆಡುವುದು ಫೋಟೋಗೆ ಮಾತ್ರ ಒದಗುತ್ತದೆ.

ಕತೆ ಇಲ್ಲಿಗೆ ಮುಗಿದಿದ್ದರೆ ಅನುವಾಗುತ್ತಿತ್ತು. ಮುಗಿಯಲಿಲ್ಲ. 2020ರಲ್ಲಿ ಹುಲ್ಲು 34,298 ಎಕರೆಗೆ, 2022ರಲ್ಲಿ 30,137 ಎಕರೆಗೆ ಕುಸಿಯಿತು. ನಡುವೆ 2021ರಲ್ಲಿ ಪೈನಿ ಪಾಯಿಂಟ್ ಎಂಬಲ್ಲಿನ ಮುಚ್ಚಿದ ರಂಜಕ ಗೊಬ್ಬರ ಕಾರ್ಖಾನೆಯ ತ್ಯಾಜ್ಯನೀರಿನ ಕೊಳ ಸೋರಿ, ಒಡೆಯುವ ಭಯದಿಂದ ಸುಮಾರು 81 ಕೋಟಿ ಲೀಟರ್ ನೀರನ್ನು ಕೊಲ್ಲಿಗೆ ಬಿಡಲಾಯಿತು. ಆ ಬೇಸಿಗೆಯಲ್ಲಿ ಕೆಂಪು ಪಾಚಿ ಹಬ್ಬಿ ನೂರಾರು ಟನ್ ಮೀನು ಸತ್ತು ದಡಕ್ಕೆ ಬಂತು. ಸಿಟ್ಟು ಸಹಜ. ಆದರೆ ದಿನಾಂಕಗಳನ್ನು ನೋಡಿ: ಹುಲ್ಲಿನ ಇಳಿಕೆ 2016ರ ನಂತರವೇ ಶುರುವಾಗಿತ್ತು, ಅದೂ ಹೆಚ್ಚಾಗಿ ಆ ಕಾರ್ಖಾನೆಯಿಂದ ದೂರದ ಉತ್ತರ ಭಾಗವಾದ ಹಳೆಯ ಟ್ಯಾಂಪಾ ಕೊಲ್ಲಿಯಲ್ಲಿ. ಅಲ್ಲಿ ಕಡಲಿಗೆ ಮಣ್ಣು ತುಂಬಿ ಕಟ್ಟಿದ ರಸ್ತೆಗಳು ನೀರಿನ ಓಡಾಟವನ್ನು ತಡೆದಿವೆ. ಸುತ್ತಲಿನ ಪೇಟೆಯ ಮಳೆನೀರು ಬಂದು ನಿಲ್ಲುತ್ತದೆ. ಬಿಸಿಯೇರಿದ ನೀರಿನಲ್ಲಿ ಪೈರೋಡಿನಿಯಂ ಎಂಬ ಪಾಚಿ ಬೇಸಿಗೆ ಬೇಸಿಗೆಗೂ ಹಬ್ಬುತ್ತದೆ. ಒಬ್ಬ ಖಳನಾಯಕ ಸಿಕ್ಕಾಗ ನಮ್ಮ ನಮ್ಮ ಚರಂಡಿಗಳನ್ನು ಮರೆಯುವುದು ಎಲ್ಲ ದೇಶದವರ ಸ್ವಭಾವ. 2024ರ ಎಣಿಕೆಯಲ್ಲಿ ಹುಲ್ಲು 31,544 ಎಕರೆ. ಚೂರು ಏರಿದೆ, ಗುರಿಗಿಂತ ಬಹಳ ಕೆಳಗಿದೆ.

ನಮ್ಮ ಬೆಟ್ಟದ ಪೇಟೆಗಳೂ ಈಗ ಅಗಲವಾಗುತ್ತಿವೆ. ಗಟಾರಗಳಿಗೆ ತಳಕ್ಕೂ ಸಿಮೆಂಟು ಹಾಕಿ ನೇರ ಹಳ್ಳಕ್ಕೆ ಬಿಡುವುದನ್ನು ಅಭಿವೃದ್ಧಿಯೆಂದು ಕರೆಯುತ್ತೇವೆ. ಹೊಸ ರಸ್ತೆ, ಲೇಔಟುಗಳ ನಕ್ಷೆ ಪಂಚಾಯಿತಿಗೆ ಬಂದಾಗ ಮಳೆನೀರು ಎಲ್ಲಿ ತಂಗುತ್ತದೆಂದು ಕೇಳುವ ಹಕ್ಕು ಗ್ರಾಮಸಭೆಯಲ್ಲಿ ಕೂತ ಪ್ರತಿಯೊಬ್ಬರಿಗೂ ಇದೆ. ಲೇಔಟು ಕಟ್ಟಿ ಮುಗಿದ ಮೇಲೆ ಹೊಂಡಕ್ಕೆ ಜಾಗ ಸಿಗದು. ಟ್ಯಾಂಪಾದ ಹಳೆಯ ಪೇಟೆಗಳಿಗೆ ಆದದ್ದು ಅದೇ.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಡುತ್ತೇನೆ. ಬರುವ ಮಳೆಗಾಲದ ಮೊದಲ ದೊಡ್ಡ ಮಳೆಯಂದು ಪೇಟೆಯ ಗಟಾರ ಹಳ್ಳ ಸೇರುವಲ್ಲಿ ಒಂದು ಸೀಸೆ, ಕಾಡಿನಿಂದ ಇಳಿಯುವ ಹಳ್ಳದಲ್ಲಿ ಒಂದು ಸೀಸೆ ನೀರು ಹಿಡಿಯಿರಿ. ಸ್ಥಳ, ದಿನಾಂಕ, ಹೊತ್ತು ಬರೆದ ಚೀಟಿ ಅಂಟಿಸಿ. ಒಂದು ದಿನ ಅಲುಗಾಡಿಸದೆ ಇಟ್ಟು, ತಳಕ್ಕಿಳಿದ ಮಣ್ಣನ್ನು ಅಳತೆಪಟ್ಟಿಯಿಂದ ಅಳೆದು ಬರೆದುಕೊಳ್ಳಿ. ನೈಟ್ರೇಟ್ ಪರೀಕ್ಷೆಗೆ ಮಾತ್ರ ನೀರು ಕಾಯಬಾರದು. ಅದಕ್ಕೆ ಬೇರೆ ಸೀಸೆ ಹಿಡಿದು, ತಣ್ಣಗಿಟ್ಟು, ಮರುದಿನವೇ ನನಗೆ ತಲುಪಿಸಿ.