ಬಿಸಿನೀರಿನ ಬುಗ್ಗೆಯಲ್ಲಿ ಬದುಕುವವರು

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ನಾನು ಸಾಫ್ಟ್‌ವೇರ್ ಇಂಜಿನಿಯರ್. ಕಂಪ್ಯೂಟರ್ ವಿಷಯ ಮಾತಾಡುತ್ತೇನೆ ಎಂದು ನೀವು ಅಂದುಕೊಂಡಿರಬಹುದು. ಆದರೆ ಇವತ್ತು ಬಿಸಿನೀರಿನ ಬುಗ್ಗೆಗಳ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಕೊರೊನಾ ಕಾಲದಲ್ಲಿ ನಮ್ಮಲ್ಲಿ ಬಹಳ ಮಂದಿ ಮೂಗು, ಗಂಟಲಿನ ದ್ರವ ಕೊಟ್ಟು ರಿಪೋರ್ಟಿಗೆ ಕಾದವರೇ. ಆ ಪರೀಕ್ಷೆಯ ಬೇರು ಅಂಥದೊಂದು ಬುಗ್ಗೆಯಲ್ಲಿದೆ.

ಪುತ್ತೂರಿನ ಬಳಿಯ ಬೆಂದ್ರು ತೀರ್ಥವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅಲ್ಲಿಯ ನೀರು ಬರೀ ಬೆಚ್ಚಗೆ. ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಕೆಲವು ಬುಗ್ಗೆಗಳ ನೀರು ಕುದಿಯುತ್ತಲೇ ಇರುತ್ತದೆ. ಅಲ್ಲಿನ ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್ ಎಂಬ ದೊಡ್ಡ ಬುಗ್ಗೆ ನಡುವೆ ನೀಲಿ. ಅಂಚಿನ ಸುತ್ತ ಹಳದಿ, ಕಿತ್ತಳೆ, ಕಂದು. ಈ ಅಂಚಿನ ಬಣ್ಣಗಳು ಸೂಕ್ಷ್ಮಜೀವಿಗಳವು. ಗದ್ದೆಗೆ ಒಂದು ಬೆಳೆ, ದಿಬ್ಬಕ್ಕೆ ಇನ್ನೊಂದು ಬೆಳೆ ಇರುವಂತೆ, ಅಲ್ಲಿ ಒಂದೊಂದು ಕಾವಿಗೆ ಒಂದೊಂದು ಬಗೆಯ ಜೀವಿ. ಕೆಲವು ಬುಗ್ಗೆಗಳ ನೀರು ಆಮ್ಲದಂತೆ ಹುಳಿ. ಅದರಲ್ಲೂ ಸಲ್ಫೊಲೋಬಸ್ ಎಂಬ ಜೀವಿ 75ರಿಂದ 80 ಡಿಗ್ರಿ ಕಾವಿನಲ್ಲಿ, ಗಂಧಕದಿಂದ ಶಕ್ತಿ ಪಡೆದು ಬದುಕುತ್ತದೆ.

1966ರಲ್ಲಿ ವಿಜ್ಞಾನಿ ಥಾಮಸ್ ಬ್ರಾಕ್ ಮತ್ತು ಅವರ ವಿದ್ಯಾರ್ಥಿ ಹಡ್ಸನ್ ಫ್ರೀಜ್, ಅಲ್ಲಿನ ಮಶ್ರೂಮ್ ಸ್ಪ್ರಿಂಗ್ ಎಂಬ ಬುಗ್ಗೆಯಿಂದ ಒಂದು ಬ್ಯಾಕ್ಟೀರಿಯಾವನ್ನು ತಂದು ಬೆಳೆಸಿದರು. ನಾವು ಕೈ ಅದ್ದಲಾಗದ 70 ಡಿಗ್ರಿಯೇ ಅದಕ್ಕೆ ಹಿತ. 1969ರಲ್ಲಿ ಅದಕ್ಕೆ ಥರ್ಮಸ್ ಅಕ್ವಾಟಿಕಸ್ ಎಂದು ಹೆಸರಿಟ್ಟರು. ಫ್ರೀಜ್ ಆಗಿನ್ನೂ ಪದವಿ ಓದುತ್ತಿದ್ದ ಹುಡುಗ. ಇದರಿಂದ ಏನು ಲಾಭ ಎಂಬ ಲೆಕ್ಕ ಅವರಿಗಿರಲಿಲ್ಲ. ಇಷ್ಟು ಬಿಸಿಯಲ್ಲಿ ಜೀವ ಹೇಗೆ ಉಳಿಯುತ್ತದೆ ಎಂಬ ಕುತೂಹಲವಿತ್ತು, ಅಷ್ಟೆ.

1983ರಲ್ಲಿ ಕ್ಯಾರಿ ಮಲ್ಲಿಸ್ ಎಂಬುವರಿಗೆ ಡಿಎನ್ಎಯನ್ನು ನಕಲು ಮಾಡುವ ಪಿಸಿಆರ್ ವಿಧಾನ ಹೊಳೆಯಿತು. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಮೂವತ್ತು ಸುತ್ತಿಗೆ ನೂರು ಕೋಟಿ ದಾಟುತ್ತದೆ. ಇದು ನಮ್ಮ ಕಂಪ್ಯೂಟರ್‌ನವರಿಗೆ ಪರಿಚಿತ ಲೆಕ್ಕ. ಆದರೆ ಪ್ರತಿ ಸುತ್ತಿನಲ್ಲೂ ಡಿಎನ್ಎಯ ಎರಡು ಎಳೆಗಳನ್ನು ಬಿಡಿಸಲು ಸುಮಾರು 95 ಡಿಗ್ರಿಗೆ ಕಾಯಿಸಬೇಕು. ಆ ಬಿಸಿಗೆ, ನಕಲು ಮಾಡುವ ಕಿಣ್ವ ಬೇಯಿಸಿದ ಮೊಟ್ಟೆಯಂತೆ ಕೆಟ್ಟುಹೋಗುತ್ತಿತ್ತು. ಸುತ್ತು ಸುತ್ತಿಗೂ ಹೊಸದಾಗಿ ಹಾಕಬೇಕಿತ್ತು. ಆಗ ನೆರವಿಗೆ ಬಂದದ್ದು ಬುಗ್ಗೆಯ ಬ್ಯಾಕ್ಟೀರಿಯಾದ ಕಿಣ್ವ. ಅದು ಆ ಬಿಸಿಯನ್ನು ತಾಳಿಕೊಂಡಿತು. ಮಲ್ಲಿಸ್ ಅವರಿಗೆ 1993ರಲ್ಲಿ ನೊಬೆಲ್ ಬಂತು. ಕೊರೊನಾ ಪತ್ತೆಗೆ ಬಳಸಿದ ಆರ್‌ಟಿಪಿಸಿಆರ್ ಇದೇ ವಿಧಾನದ ಕುಡಿ.

ಹಿರಿಯರಲ್ಲಿ ನನ್ನದೊಂದು ಕೋರಿಕೆ. ಮಕ್ಕಳು ಏನಾದರೂ ಕೇಳಿದಾಗ "ಇದು ಪರೀಕ್ಷೆಗೆ ಬರುತ್ತಾ, ಇದರಿಂದ ಕೆಲಸ ಸಿಗುತ್ತಾ" ಎಂದು ಬಾಯಿ ಮುಚ್ಚಿಸಬೇಡಿ. ನಮ್ಮ ಬ್ಯಾಚಿನವರು ಶಾಲೆಗೆ ಎರಡು ಸೂಕ್ಷ್ಮದರ್ಶಕಗಳನ್ನು ಕೊಡುತ್ತಿದ್ದೇವೆ. ಗುರುಗಳೇ, ಒಡೆದರೆ ಒಡೆಯಲಿ, ರಿಪೇರಿ ನಮ್ಮದು. ದಯವಿಟ್ಟು ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ. ಮಕ್ಕಳೇ, ನಮ್ಮ ಕೆರೆಯ ಒಂದು ಹನಿ ನೀರಿನಿಂದಲೇ ಶುರುಮಾಡಿ.